ಮೂಲೆಗೆ ಮೂಲೆ ಕೂಡ್ತಿಲ್ವಾ? ಕ್ವಿಲ್ಟ್ ಜೋಡಿಸುವಾಗ ಆಗೋ ತಪ್ಪನ್ನ ಹುಡುಕೋದು, ಬಿಚ್ಚೋದು, ಬಿಡೋದು

"ಅಳತೆ ಮಾಡೇ ಕತ್ತರಿಸಿದ್ದೆ, ನಿಧಾನವಾಗೇ ಹೊಲಿದೆ, ಆದ್ರೂ ಮೂಲೆಗೆ ಮೂಲೆ ಕೂಡ್ತಿಲ್ಲ, ಬಿಚ್ಚಿ ಬಿಚ್ಚಿ ಸಾಕಾಗಿದೆ, ಏನ್ ಮಾಡ್ಲಿ?" ಪ್ಯಾಚ್‌ವರ್ಕ್ ಕ್ವಿಲ್ಟ್, ಅಂದ್ರೆ ಬಟ್ಟೆ ತುಂಡು ಜೋಡಿಸಿದ ಮೇಲ್ಪದರ, ನಡುವೆ ಹತ್ತಿ, ಹಿಂದೆ ಇನ್ನೊಂದು ಬಟ್ಟೆ ಇಟ್ಟು ಮಾಡೋ ಹೊದಿಕೆ, ಅದನ್ನ ಹೊಲಿಯೋಕೆ ಕೂತವರು ಮತ್ತೆ ಮತ್ತೆ ಕೇಳೋ ಪ್ರಶ್ನೆ ಇದು. ಕೇಳಿದವರಲ್ಲಿ ಸುಮಾರು ಜನ ಆಮೇಲೆ ಆ ಬಟ್ಟೆನೆಲ್ಲ ಒಂದು ಕವರ್‌ಗೆ ತುಂಬಿ ಅಟ್ಟಕ್ಕೆ ಹಾಕಿಬಿಡ್ತಾರೆ. ಅದರಲ್ಲಿ ಅಮ್ಮನ ಸೀರೆ ಇರತ್ತೆ, ಮಗುವಿನ ಫ್ರಾಕ್ ಇರತ್ತೆ, ಹಾಗೆ ಅರ್ಧಕ್ಕೆ ನಿಂತಿದ್ದು ಅಂತ ಕೇಳಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗತ್ತೆ. ಯಾಕಂದ್ರೆ ಅಂಥ ಕ್ವಿಲ್ಟ್‌ಗಳಲ್ಲಿ ಹೆಚ್ಚಿನವನ್ನ ಉಳಿಸ್ಕೋಬಹುದು.

ಮುಖ್ಯವಾದ ವಿಷಯ ಮೊದಲೇ ಹೇಳಿಬಿಡ್ತೀನಿ. ತಪ್ಪು ಕಾಣಿಸೋ ಜಾಗ ಬೇರೆ, ತಪ್ಪು ಹುಟ್ಟಿದ ಜಾಗ ಬೇರೆ. ಮೂಲೆ ಕೂಡ್ತಿಲ್ಲ ಅಂತ ನಾವು ಮೂಲೆನೇ ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಮಾಡ್ತೀವಿ, ಆದ್ರೆ ಅದು ಕೆಟ್ಟಿರೋದು ಕತ್ತರಿಸುವಾಗ ಇರಬಹುದು, ಹೊಲಿಗೆ ಅಗಲದಲ್ಲಿ ಇರಬಹುದು, ಇಸ್ತ್ರಿ ಎಳೆದದ್ರಲ್ಲಿ ಇರಬಹುದು. ಅಲ್ಲಿ ಸರಿ ಮಾಡದೆ ಇಲ್ಲಿ ಎಷ್ಟು ಸಲ ಬಿಚ್ಚಿದ್ರೂ ಅದೇ ಕಥೆ, ಸಿಟ್ಟು ಬರೋದೂ ಅದಕ್ಕೇ. ಅದಕ್ಕೆ ಕೆಲಸ ನಡೆಯೋ ಕ್ರಮದಲ್ಲೇ ಹೋಗೋಣ, ಯಾವ ಹಂತದಲ್ಲಿ ಯಾವ ತಪ್ಪು ಹುಟ್ಟತ್ತೆ, ಅದನ್ನ ಅಲ್ಲೇ ಹಿಡಿಯೋದು ಹೇಗೆ ಅಂತ ನೋಡ್ತಾ.

ಎರಡು ಮೂರು ಪದ ಗೊತ್ತಿರಲಿ. ಬ್ಲಾಕ್ ಅಂದ್ರೆ ಚಿಕ್ಕ ತುಂಡುಗಳನ್ನ ಸೇರಿಸಿ ಮಾಡೋ ಒಂದು ಚೌಕ, ಇಂಥ ಚೌಕಗಳನ್ನ ಸಾಲು ಸಾಲಾಗಿ ಸೇರಿಸಿದ್ರೆ ಕ್ವಿಲ್ಟಿನ ಮೇಲ್ಪದರ ಆಗತ್ತೆ. ಮಾರ್ಜಿನ್ ಅಂದ್ರೆ ಟೈಲರ್‌ಗಳು ಹೇಳೋದೇ, ಹೊಲಿಗೆಯಿಂದ ಬಟ್ಟೆ ಅಂಚಿನವರೆಗೆ ಬಿಡೋ ಜಾಗ, ಕ್ವಿಲ್ಟ್‌ನಲ್ಲಿ ಅದು ಕಾಲು ಇಂಚು, ಅಂದ್ರೆ ಸುಮಾರು 6 ಮಿಲಿಮೀಟರ್. ಬ್ಲೌಸ್ ಹೊಲಿದು ಅಭ್ಯಾಸ ಇರೋರಿಗೆ ಇದು ತೀರಾ ಕಮ್ಮಿ ಅನ್ಸತ್ತೆ. ಕ್ರಾಸ್ ಅಂದ್ರೆ ಬಟ್ಟೆಯ ಓರೆ ದಿಕ್ಕು, ಮೂಲೆಯಿಂದ ಮೂಲೆಗೆ ಎಳೆದ್ರೆ ರಬ್ಬರ್ ತರ ಹಿಗ್ಗೋ ದಿಕ್ಕು. ನಮ್ಮ ಅರ್ಧ ತೊಂದರೆಗಳಿಗೆ ಮೂಲ ಈ ಕ್ರಾಸು.

ಬೇಕಾಗೋದು: ಇಂಚು ಗೆರೆ ಇರೋ ಪಾರದರ್ಶಕ ಸ್ಕೇಲ್, ಚೂಪಾದ ಕತ್ತರಿ ಅಥವಾ ರೋಟರಿ ಕಟರ್ ಮತ್ತೆ ಅದರ ಮ್ಯಾಟು (ರೋಟರಿ ಕಟರ್ ಅಂದ್ರೆ ಚಕ್ರದ ಬ್ಲೇಡು), ತೆಳು ಗುಂಡುಪಿನ್ನು, ಹೊಲಿಗೆ ಬಿಚ್ಚೋ ಸೀಮ್ ರಿಪ್ಪರ್, ಮಾಸ್ಕಿಂಗ್ ಟೇಪು, ಇಸ್ತ್ರಿ ಪೆಟ್ಟಿಗೆ, ಒಳ್ಳೆ ಬೆಳಕು. ಮಷೀನು ಯಾವುದಾದ್ರೂ ಆಗತ್ತೆ, ಕಾಲಲ್ಲಿ ತುಳಿಯೋ ಹಳೇ ಕಪ್ಪು ಮಷೀನು ನೆಟ್ಟಗೆ ಹೊಲಿಯೋಕೆ ಹೇಳಿ ಮಾಡಿಸಿದ್ದು.

1. ಕತ್ತರಿಸೋ ಮುಂಚೆ ಬಟ್ಟೆ ವಿಚಾರಿಸಿ

ಹೊಸ ಕಾಟನ್ ಆದ್ರೆ ಒಂದು ಸಲ ಒಗೆದು ಒಣಗಿಸಿ. ಕಾಟನ್ ಕುಗ್ಗತ್ತೆ, ಎಲ್ಲಾ ಬಟ್ಟೆ ಒಂದೇ ಸಮ ಕುಗ್ಗಲ್ಲ. ಹಳೇ ಸೀರೆ ಆದ್ರೆ ಕುಗ್ಗೋ ಭಯ ಇಲ್ಲ, ಆದ್ರೆ ಸವೆದಿರತ್ತೆ. ಕಿಟಕಿ ಬೆಳಕಿಗೆ ಅಡ್ಡ ಹಿಡಿದು ನೋಡಿ, ನೆರಿಗೆ ಬರೋ ಜಾಗ, ಸೊಂಟಕ್ಕೆ ಸಿಕ್ಕಿಸೋ ಜಾಗ, ಕೆಳಗಡೆ ಫಾಲ್ಸ್ ಹತ್ರ ತೆಳುವಾಗಿದ್ರೆ ಅಲ್ಲಿಂದ ತುಂಡು ತಗೋಬೇಡಿ, ಅಥವಾ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗೋ ಇಸ್ತ್ರಿ ಮಾಡಿದ್ರೆ ಅಂಟ್ಕೊಳ್ಳೋ ತೆಳು ಪೇಸ್ಟಿಂಗ್ ಬಟ್ಟೆಯನ್ನ ಹಿಂದೆ ಕೊಟ್ಟು ಆಮೇಲೆ ಕತ್ತರಿಸಿ.

ಬಣ್ಣ ಬಿಡತ್ತಾ ಅಂತ ಮೊದಲೇ ನೋಡ್ಕೊಳ್ಳಿ, ಮುಖ್ಯವಾಗಿ ಕೆಂಪು, ಕಡು ನೀಲಿ, ಕಪ್ಪು. ಒಂದು ಮೂಲೆ ಒದ್ದೆ ಮಾಡಿ, ಬಿಳಿ ಬಟ್ಟೆ ಮೇಲಿಟ್ಟು ಇಸ್ತ್ರಿ ಒತ್ತಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದ್ರೆ, ನೀರು ತಿಳಿ ಬರೋವರೆಗೆ ಒಗೀರಿ, ಎಷ್ಟು ಒಗೆದ್ರೂ ನಿಲ್ತಿಲ್ಲ ಅಂದ್ರೆ ಆ ಬಟ್ಟೆ ಈ ಕ್ವಿಲ್ಟಿಗೆ ಬೇಡ. ಉಪ್ಪು ನೀರಲ್ಲಿ ನೆನೆಸಿದ್ರೆ ಬಣ್ಣ ಗಟ್ಟಿ ನಿಲ್ಲತ್ತೆ ಅನ್ನೋದನ್ನ ನಂಬ್ಕೊಂಡು ಬಿಳಿ ಪಕ್ಕ ಕೆಂಪು ಹಾಕ್ಬೇಡಿ.

ಕಾಟನ್ನೋ ಪಾಲಿಯೆಸ್ಟರ್ರೋ ಗೊತ್ತಾಗ್ತಿಲ್ವಾ? ನಾಲ್ಕು ಎಳೆ ಕಿತ್ತು ಸಿಂಕ್ ಹತ್ರ ಇಕ್ಕಳದಲ್ಲಿ ಹಿಡಿದು ಸುಡಿ. ಕಾಟನ್ ಕಾಗದ ಸುಟ್ಟ ವಾಸನೆ ಬಂದು ಮೆತ್ತನೆ ಬೂದಿ ಆಗತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ತರ ಆಗತ್ತೆ. ಎರಡನ್ನೂ ಒಂದೇ ಬ್ಲಾಕ್‌ಗೆ ಹಾಕಿದ್ರೆ ಒಂದು ಜಾರತ್ತೆ ಒಂದು ಜಾರಲ್ಲ, ಕಾಟನ್‌ಗೆ ಬೇಕಾದ ಬಿಸಿ ಇಟ್ರೆ ಇನ್ನೊಂದು ಕರಗತ್ತೆ. ಮೊದಲನೇ ಕ್ವಿಲ್ಟಿಗೆ ಪೂರ್ತಿ ಕಾಟನ್ನೇ ಇರ್ಲಿ.

ಇನ್ನೊಂದು, ಇದನ್ನ ಮಾಡಿದವರು ಮತ್ತೆ ಬಿಡಲ್ಲ: ಕತ್ತರಿಸೋ ಮುಂಚೆ ಬಟ್ಟೆಗೆ ಗಂಜಿ ಹಾಕಿ. ಕಾಟನ್ ಸೀರೆಗೆ ಹಾಕ್ತೀವಲ್ಲ ಅದೇ ತಿಳಿ ಗಂಜಿ, ಪುಡಿ ಆದ್ರೂ ಸರಿ ಅನ್ನದ ಗಂಜಿ ಸೋಸಿದ್ದಾದ್ರೂ ಸರಿ. ಬಟ್ಟೆ ಕಾಗದದ ತರ ಬಿಗಿಯಾಗಿ ನಿಲ್ಲತ್ತೆ, ಕ್ರಾಸ್ ಹಿಗ್ಗೋದು ಎಷ್ಟೋ ಕಮ್ಮಿ ಆಗತ್ತೆ, ಹಳೇ ಸೀರೆಯ ಮೆತ್ತನೆ ಬಟ್ಟೆಗಂತೂ ಇದಿಲ್ದೆ ನಡೆಯಲ್ಲ. ಆದ್ರೆ ಕತ್ತರಿಸಿದ ಮೇಲೆ ಹಾಕ್ಬೇಡಿ, ಒದ್ದೆ ಆದ ತುಂಡು ಆಕಾರ ಕೆಡಿಸ್ಕೊಳ್ಳತ್ತೆ. ಕ್ವಿಲ್ಟ್ ಮುಗಿದ ಮೇಲೆ ಪೂರ್ತಿ ಒಗೆದು ಗಂಜಿ ತೆಗೆದುಬಿಡಿ, ಇಲ್ಲಾಂದ್ರೆ ಹುಳ ಬರತ್ತೆ.

2. ಕತ್ತರಿಸುವಾಗ

ಇಲ್ಲಿ ಆಗೋ ತಪ್ಪು ಒಂದೇ, ನಾಲ್ಕೈದು ಪದರ ಒಟ್ಟಿಗೆ ಇಟ್ಟು ಕತ್ತರಿಸೋದು. ಕೆಳಗಿನ ಪದರ ಜಾರಿರತ್ತೆ, ಮೇಲಿನ ತುಂಡು ಸರಿ ಇರತ್ತೆ, ಅದನ್ನೇ ಅಳೆದು ಎಲ್ಲಾ ಸರಿ ಇದೆ ಅಂದ್ಕೋತೀವಿ. ಎರಡು ಪದರಕ್ಕಿಂತ ಜಾಸ್ತಿ ಬೇಡ. ಬಟ್ಟೆಯ ಅಂಚಲ್ಲಿ ಬಿಗಿಯಾಗಿ ನೇಯ್ದಿರೋ ಪಟ್ಟಿ ಇರತ್ತಲ್ಲ ಅದನ್ನೂ ಸೇರಿಸ್ಬೇಡಿ, ಅದು ಬೇರೆ ತರ ಕುಗ್ಗತ್ತೆ.

ಹತ್ತು ತುಂಡು ಕತ್ತರಿಸಿದ ಮೇಲೆ ಒಂದರ ಮೇಲೊಂದು ಪೇರಿಸಿ ಅಂಚು ನೋಡಿ. ಯಾವುದು ಹೊರಗೆ ಚಾಚಿದೆ, ಯಾವುದು ಒಳಗಿದೆ ಒಂದೇ ನೋಟಕ್ಕೆ ಕಾಣತ್ತೆ. ಚಾಚಿರೋದನ್ನ ಟ್ರಿಮ್ ಮಾಡಿ, ಚಿಕ್ಕದನ್ನ ಪಕ್ಕಕ್ಕಿಡಿ. ಇದಕ್ಕೆ ಒಂದು ನಿಮಿಷ ಸಾಕು.

ಅಮ್ಮನ ಸೀರೆ, ಅಜ್ಜಿ ಸೀರೆ, ಮತ್ತೆ ಸಿಗದ ಬಟ್ಟೆ ಇದ್ರೆ ಅದಕ್ಕೆ ಮೊದಲೇ ಕತ್ತರಿ ಹಾಕ್ಬೇಡಿ. ಅದೇ ಬ್ಲಾಕನ್ನ ಮೊದಲು ಲೈನಿಂಗ್ ಬಟ್ಟೆಯಲ್ಲಿ ಒಂದು ಹೊಲಿದು ಅಳತೆ ಬಂತಾ ನೋಡಿ, ಆಮೇಲೆ ಸೀರೆ ಮುಟ್ಟಿ. ಕೈ ನಡುಗೋದೇ ಇಂಥ ಬಟ್ಟೆ ಹಿಡಿದಾಗ, ನಡುಗೋ ಕೈಯಲ್ಲಿ ಕತ್ತರಿಸಿದ್ರೆ ಏನಾಗತ್ತೆ ಅಂತ ಹೇಳ್ಬೇಕಾಗಿಲ್ಲ.

3. ಕಾಲು ಇಂಚಿನ ಪರೀಕ್ಷೆ (ಇದನ್ನ ದಯವಿಟ್ಟು ಬಿಡ್ಬೇಡಿ)

ಇಡೀ ಲೇಖನದಲ್ಲಿ ಒಂದೇ ಹಂತ ಮಾಡ್ತೀನಿ ಅಂದ್ರೆ ಇದನ್ನ ಮಾಡಿ. ಮಷೀನಿನ ಫುಟ್, ಅಂದ್ರೆ ಬಟ್ಟೆ ಒತ್ತಿ ಹಿಡಿಯೋ ಕಾಲು, ಅದರ ಬಲ ಅಂಚಿಗೆ ಬಟ್ಟೆ ಇಟ್ಟು ಹೊಲಿದ್ರೆ ಕಾಲು ಇಂಚು ಬರತ್ತೆ ಅಂತ ಸುಮಾರು ಜನ ಅಂದ್ಕೊಂಡಿದ್ದಾರೆ. ಎಲ್ಲಾ ಮಷೀನಲ್ಲೂ ಬರಲ್ಲ. ಕೆಲವು ಫುಟ್‌ನಲ್ಲಿ ಅದು ಕಾಲು ಇಂಚಿಗಿಂತ ಜಾಸ್ತಿ, ಕೆಲವದ್ರಲ್ಲಿ ಕಮ್ಮಿ.

ಹೀಗೆ ಮಾಡಿ. ದಾರ ತೆಗೆದು, ಸ್ಕೇಲನ್ನ ಫುಟ್ ಕೆಳಗಿಟ್ಟು, ಚಕ್ರವನ್ನ ಕೈಯಲ್ಲೇ ನಿಧಾನಕ್ಕೆ ತಿರುಗಿಸಿ ಸೂಜಿ ತುದಿ ಕಾಲು ಇಂಚಿನ ಗೆರೆಗೆ ಮುಟ್ಟೋ ಹಾಗೆ ಇಳಿಸಿ. ಈಗ ಸ್ಕೇಲಿನ ಬಲ ಅಂಚಿಗೆ ತಾಗಿಸಿ ಮಷೀನ್ ಮೇಲೆ ಮಾಸ್ಕಿಂಗ್ ಟೇಪನ್ನ ನಾಲ್ಕೈದು ಪದರ ದಪ್ಪಕ್ಕೆ ಅಂಟಿಸಿ. ಬಟ್ಟೆ ಆ ದಿಣ್ಣೆಗೆ ಒರಗಿಕೊಂಡು ಹೋಗತ್ತೆ.

ಈಗ ಪರೀಕ್ಷೆ. ಒಂದೂವರೆ ಇಂಚು ಅಗಲದ ಮೂರು ಪಟ್ಟಿ ಕತ್ತರಿಸಿ, ಉದ್ದ 4 ಇಂಚು ಇರ್ಲಿ. ಪಕ್ಕ ಪಕ್ಕ ಹೊಲಿದು, ಇಸ್ತ್ರಿ ಮಾಡಿ ಅಳೀರಿ. ನಡುವಿನ ಪಟ್ಟಿ ಸರಿಯಾಗಿ 1 ಇಂಚು ಇರ್ಬೇಕು, ಒಟ್ಟು ಅಗಲ ಮೂರೂವರೆ ಇಂಚು. ಕಮ್ಮಿ ಬಂತು ಅಂದ್ರೆ ಮಾರ್ಜಿನ್ ಜಾಸ್ತಿ ತಗೊಂಡಿದೆ, ಟೇಪನ್ನ ಸೂಜಿ ಕಡೆಗೆ ಕೂದಲೆಳೆಯಷ್ಟು ಸರಿಸಿ. ಜಾಸ್ತಿ ಬಂದ್ರೆ ಸೂಜಿಯಿಂದ ದೂರಕ್ಕೆ. ನೀವು ಅಳತೆ ಪಕ್ಕಾ ಇಟ್ರೂ ಸ್ವಲ್ಪ ಕಮ್ಮಿನೇ ಬರೋದು ಸಹಜ, ಯಾಕಂದ್ರೆ ಬಟ್ಟೆ ಹೊಲಿಗೆ ಮೇಲೆ ಮಡಚ್ಕೊಳ್ಳುವಾಗ ಆ ಮಡಿಕೆ ಒಂದೆರಡು ಎಳೆ ನುಂಗತ್ತೆ. ಅದಕ್ಕೇ ಅನುಭವ ಇರೋರು ಕಾಲು ಇಂಚಿಗಿಂತ ಒಂದೆರಡು ಎಳೆ ಕಮ್ಮಿ ಮಾರ್ಜಿನ್ ಇಡ್ತಾರೆ.

ಒಂದೆರಡು ಎಳೆಯಿಂದ ಏನಾಗತ್ತೆ ಅಂತೀರಾ? ಲೆಕ್ಕ ಹಾಕೋಣ. ಒಂಬತ್ತು ಚೌಕದ ಬ್ಲಾಕು, ಮೂರು ಮೂರರ ಮೂರು ಸಾಲು, ಪ್ರತಿ ಚೌಕ ಮೂರೂವರೆ ಇಂಚಿಗೆ ಕತ್ತರಿಸಿದ್ದು. ಸರಿಯಾಗಿ ಹೊಲಿದ್ರೆ ಬ್ಲಾಕು ಒಂಬತ್ತೂವರೆ ಇಂಚು. ಮಾರ್ಜಿನ್ ಬರೀ 1/16 ಇಂಚು ಜಾಸ್ತಿ ಹೋಯ್ತು ಅಂದ್ಕೊಳ್ಳಿ, ಅದು ಹೊಲಿಗೆಯ ಎರಡೂ ಪಕ್ಕದಲ್ಲಿ ಹೋಗತ್ತೆ, ಅಂದ್ರೆ ಒಂದು ಹೊಲಿಗೆಗೆ 1/8 ಇಂಚು. ಒಂದು ಬ್ಲಾಕಿನ ಅಗಲದಲ್ಲಿ ಎರಡು ಹೊಲಿಗೆ, ಕಾಲು ಇಂಚು ಮಾಯ. ಇಂಥ 8 ಬ್ಲಾಕ್ ಪಕ್ಕ ಪಕ್ಕ ಸೇರಿಸಿದ್ರೆ ಆ ಸಾಲಲ್ಲಿ ಒಟ್ಟು 23 ಹೊಲಿಗೆ, ಸುಮಾರು ಮೂರು ಇಂಚು ಕಮ್ಮಿ. ಯಾವ ಹೊಲಿಗೆ ನೋಡಿದ್ರೂ ತಪ್ಪು ಕಾಣಲ್ಲ, ಒಟ್ಟಾರೆ ನೋಡಿದ್ರೆ ಮೂರು ಇಂಚು ಇಲ್ಲ.

ಇಲ್ಲೊಂದು ಸೂಕ್ಷ್ಮ ಇದೆ. ಎಲ್ಲಾ ಬ್ಲಾಕೂ ಒಂದೇ ತರದ್ದಾಗಿದ್ದು, ತಪ್ಪೂ ಎಲ್ಲದ್ರಲ್ಲೂ ಒಂದೇ ಸಮ ಇದ್ರೆ ಮೂಲೆ ಕೂಡತ್ತೆ, ಕ್ವಿಲ್ಟ್ ಸ್ವಲ್ಪ ಚಿಕ್ಕದಾಗತ್ತೆ ಅಷ್ಟೇ. ತೊಂದರೆ ಬರೋದು ಹೊಲಿಗೆ ಎಣಿಕೆ ಬೇರೆ ಬೇರೆ ಇರೋ ಬ್ಲಾಕ್‌ಗಳನ್ನ ಪಕ್ಕ ಪಕ್ಕ ಇಟ್ಟಾಗ. ಒಂಬತ್ತು ಚೌಕದ ಬ್ಲಾಕ್ ಪಕ್ಕ ಒಂಬತ್ತೂವರೆ ಇಂಚಿನ ಸಾದಾ ಚೌಕ ಇಟ್ರಿ ಅಂದ್ರೆ, ಸಾದಾ ಚೌಕದಲ್ಲಿ ಹೊಲಿಗೆನೇ ಇಲ್ಲ, ಅದು ಕುಗ್ಗಲ್ಲ, ಇದು ಕುಗ್ಗಿದೆ, ಕೂಡಲ್ಲ. ಅಂಥ ವಿನ್ಯಾಸ ಆದ್ರೆ ಸಾದಾ ಚೌಕವನ್ನ ಕೊನೆಗೆ ಕತ್ತರಿಸಿ, ಹೊಲಿದ ಬ್ಲಾಕ್ ಎಷ್ಟು ಬಂದಿದೆಯೋ ಆ ಅಳತೆಗೆ. ಅರ್ಧ ಜಗಳ ಅಲ್ಲೇ ಮುಗಿಯತ್ತೆ.

4. ಮಷೀನ್ ಜಗಳ

ಹೊಲಿಗೆ ಕೆಳಗಡೆ ದಾರ ಗಂಟು ಗಂಟಾಗಿ ಸಿಕ್ಕಾಕಿಕೊಂಡ್ರೆ ಎಲ್ಲರೂ ಬಾಬಿನ್ ಕೇಸಿನ (ಕೆಳಗಿನ ದಾರದ ಉಂಡೆ ಕೂರೋ ಡಬ್ಬಿ) ಸ್ಕ್ರೂ ತಿರುಗಿಸ್ತಾರೆ. ಬೇಡ. ಕೆಳಗೆ ಗಂಟಾದ್ರೆ ಹೆಚ್ಚಾಗಿ ತಪ್ಪಿರೋದು ಮೇಲಿನ ದಾರದಲ್ಲಿ, ದಾರ ಬಿಗಿ ಹಿಡಿಯೋ ಟೆನ್ಷನ್ ತಟ್ಟೆಗಳ ಮಧ್ಯೆ ಅದು ಸರಿಯಾಗಿ ಕೂತಿರಲ್ಲ. ಫುಟ್ ಎತ್ತಿ, ದಾರ ಪೂರ್ತಿ ತೆಗೆದು ಮತ್ತೆ ಪೋಣಿಸಿ. ಆಮೇಲೂ ಹಾಗೇ ಇದ್ರೆ ಸೂಜಿ ಬದಲಿಸಿ. ಮೊಂಡಾದ ಸೂಜಿ ಬಟ್ಟೆ ಚುಚ್ಚುವಾಗ ಟಕ್ ಟಕ್ ಅಂತ ಸದ್ದು ಬರತ್ತೆ, ಕಿವಿಗೊಟ್ಟು ಕೇಳಿ. ಕಾಟನ್‌ಗೆ 14ನೇ ನಂಬರ್ ಸೂಜಿ, ಹಳೇ ಸೀರೆಯಂಥ ತೆಳು ಬಟ್ಟೆಗೆ 11.

ಮೂಲೆಯಿಂದ ಶುರು ಮಾಡುವಾಗ ಬಟ್ಟೆ ಸೂಜಿ ತೂತಿಗೆ ಒಳಗೆ ಎಳೆದುಕೊಳ್ಳತ್ತಾ? ಒಂದು ಚಿಂದಿ ತುಂಡಿನ ಮೇಲೆ ಹೊಲಿಗೆ ಶುರು ಮಾಡಿ, ನಿಲ್ಲಿಸದೆ ಹಾಗೇ ನಿಮ್ಮ ತುಂಡಿಗೆ ಹೋಗಿ, ಮುಗಿದಾಗ ಇನ್ನೊಂದು ಚಿಂದಿ ಮೇಲೆ ನಿಲ್ಲಿಸಿ. ಹೊಲಿಗೆ ಉದ್ದ 2ರಿಂದ 2.5 ಮಿಲಿಮೀಟರ್. ಅದಕ್ಕಿಂತ ಚಿಕ್ಕದಿಟ್ರೆ ಬಿಚ್ಚೋಕೆ ಹೋದಾಗ ಬಟ್ಟೆನೇ ಹರಿಯತ್ತೆ.

ಒಂದರ ಹಿಂದೆ ಒಂದು ತುಂಡು, ದಾರ ಕತ್ತರಿಸದೆ ಸರ ತರ ಹೊಲಿಯೋದು ಬೇಗ ಆಗತ್ತೆ ನಿಜ, ಆದ್ರೆ ಮೊದಲನೇದು ತಪ್ಪಿದ್ರೆ ಇಪ್ಪತ್ತೂ ತಪ್ಪು. ಮೊದಲನೇದನ್ನ ಹೊಲಿದು, ಇಸ್ತ್ರಿ ಮಾಡಿ, ಅಳೆದು ಆಮೇಲೆ ಸರ ಶುರು ಮಾಡಿ.

5. ಇಸ್ತ್ರಿ: ಒತ್ತೋದು, ಎಳೆಯೋದಲ್ಲ

ಷರ್ಟಿಗೆ ಮಾಡೋ ಹಾಗೆ ಹಿಂದೆ ಮುಂದೆ ಎಳೆದ್ರೆ ಬ್ಲಾಕ್ ಚೌಕ ಹೋಗಿ ಓರೆ ಆಗತ್ತೆ, ಕ್ರಾಸ್ ಅಂಚಿದ್ರಂತೂ ಬಿಲ್ಲಿನ ಹಾಗೆ ಬಾಗತ್ತೆ. ಪೆಟ್ಟಿಗೆ ಇಡಿ, ಒತ್ತಿ, ಎತ್ತಿ, ಪಕ್ಕಕ್ಕಿಡಿ. ಮೊದಲು ಹೊಲಿಗೆ ಮುಚ್ಚಿರೋ ಹಾಗೇ ಒಂದು ಸಲ ಒತ್ತಿ, ದಾರ ಬಟ್ಟೆಯೊಳಗೆ ಕೂರತ್ತೆ, ಆಮೇಲೆ ತೆರೆದು ಮೇಲ್ಭಾಗದಿಂದ ಒತ್ತಿ. ಆದಷ್ಟು ಮಟ್ಟಿಗೆ ಆ ಮಾರ್ಜಿನ್ ಎರಡನ್ನೂ ಗಾಢ ಬಣ್ಣದ ಕಡೆಗೆ ಮಡಚಿ, ಇಲ್ಲಾಂದ್ರೆ ತಿಳಿ ಬಣ್ಣದ ಕೆಳಗಿಂದ ನೆರಳಿನ ಹಾಗೆ ಕಾಣತ್ತೆ.

ಮೂಲೆ ಕೂಡೋ ಗುಟ್ಟು ಕೂಡ ಇಲ್ಲೇ ಇದೆ. ಮೊದಲನೇ ಸಾಲಿನ ಮಾರ್ಜಿನ್‌ಗಳನ್ನೆಲ್ಲ ಬಲಕ್ಕೆ ಒತ್ತಿ, ಎರಡನೇ ಸಾಲಿನವನ್ನ ಎಡಕ್ಕೆ, ಮೂರನೇದನ್ನ ಮತ್ತೆ ಬಲಕ್ಕೆ. ಈಗ ಎರಡು ಸಾಲನ್ನ ಮುಖಾಮುಖಿ ಇಟ್ಟಾಗ ಒಂದರ ದಿಣ್ಣೆ ಈ ಕಡೆ, ಇನ್ನೊಂದರದ್ದು ಆ ಕಡೆ ಇರತ್ತೆ, ಎರಡೂ ಒಂದಕ್ಕೊಂದು ಒರಗಿ ಕೂತ್ಕೊಳ್ಳತ್ತೆ. ಹೆಬ್ಬೆರಳು ತೋರುಬೆರಳ ಮಧ್ಯೆ ಆ ಜಾಗ ಹಿಡಿದು ಮೆಲ್ಲಗೆ ಉಜ್ಜಿ, ದಿಣ್ಣೆ ಇನ್ನೂ ಕೈಗೆ ಸಿಗ್ತಿದ್ರೆ ಮಧ್ಯೆ ಸಂದಿ ಇದೆ ಅಂತ ಅರ್ಥ, ಸರಿಸಿ, ಎರಡೂ ಕೂಡಿ ಸಪಾಟ ಅನ್ನಿಸಿದ ಕ್ಷಣ ಪಿನ್ ಹಾಕಿ. ಇದನ್ನ ಕಣ್ಣಲ್ಲಿ ನೋಡಿ ಮಾಡೋಕಿಂತ ಬೆರಳಲ್ಲಿ ಮುಟ್ಟಿ ಮಾಡೋದೇ ಸುಲಭ, ನಾಲ್ಕಾರು ಸಲ ಮಾಡಿದ್ರೆ ಬೆರಳಿಗೇ ಗೊತ್ತಾಗಿಬಿಡತ್ತೆ. ಪಿನ್ ಹತ್ರ ಸೂಜಿ ಬರೋ ಮುಂಚೆ ಪಿನ್ ತೆಗೀರಿ, ಪಿನ್ ಮೇಲೇ ಹೊಲಿದು ಸೂಜಿ ಮುರಿದ್ರೆ ಚೂರು ಕಣ್ಣಿಗೆ ಹಾರಬಹುದು.

ಎರಡು ತುಂಡಲ್ಲಿ ಒಂದು ಸ್ವಲ್ಪ ದೊಡ್ಡದಿದ್ರೆ? ಎರಡು ತುದಿ, ಆಮೇಲೆ ನಡು, ಹೀಗೆ ಪಿನ್ ಹಾಕಿ, ದೊಡ್ಡದನ್ನ ಕೆಳಗಿಟ್ಟು ಹೊಲೀರಿ. ಮಷೀನಿನ ಕೆಳಗಿನ ಹಲ್ಲುಗಳು ಕೆಳ ಬಟ್ಟೆಯನ್ನ ಸ್ವಲ್ಪ ಜಾಸ್ತಿ ಎಳ್ಕೊಳ್ಳೋದ್ರಿಂದ ಆ ಹೆಚ್ಚುವರಿ ನೆರಿಗೆ ಬೀಳದೆ ಸೇರ್ಕೊಳ್ಳತ್ತೆ. ಒಂಬತ್ತು ಇಂಚಿನಲ್ಲಿ 1/8 ಇಂಚಿನಷ್ಟು ಹೀಗೆ ಸೇರಿಸ್ಕೋಬಹುದು, ಕಾಲು ಇಂಚು ಅಂದ್ರೆ ಕಷ್ಟ.

6. ತ್ರಿಕೋನ

ಜಾಸ್ತಿ ಕಣ್ಣೀರು ಹಾಕ್ಸೋದು ಇದೇ. ಎರಡು ತ್ರಿಕೋನ ಕತ್ತರಿಸಿ ಓರೆ ಅಂಚಲ್ಲಿ ಹೊಲಿಯೋಕೆ ಹೋಗ್ಬೇಡಿ, ಹಿಗ್ಗತ್ತೆ. ಬದಲಿಗೆ ಎರಡು ಬಣ್ಣದ 4 ಇಂಚಿನ ಚೌಕ ಮುಖಾಮುಖಿ ಇಟ್ಟು, ಮೂಲೆಯಿಂದ ಮೂಲೆಗೆ ಪೆನ್ಸಿಲ್ ಗೆರೆ ಎಳೆದು, ಗೆರೆಯ ಎರಡೂ ಪಕ್ಕ ಕಾಲು ಇಂಚು ಬಿಟ್ಟು ಹೊಲೀರಿ, ಆಮೇಲೆ ಗೆರೆ ಮೇಲೆ ಕತ್ತರಿಸಿ. ಎರಡು ಬಣ್ಣದ ಎರಡು ಚೌಕ ಸಿಗತ್ತೆ, ಬೇಕಾದ್ದಕ್ಕಿಂತ ಚೂರು ದೊಡ್ಡದಾಗೇ ಇರತ್ತೆ, ಮೂರೂವರೆ ಇಂಚಿಗೆ ಟ್ರಿಮ್ ಮಾಡ್ಕೊಳ್ಳಿ. ಪುಸ್ತಕದ ಲೆಕ್ಕದಲ್ಲಿ 3 ಪೂರ್ಣಾಂಕ 7/8 ಇಂಚಿನ ಚೌಕ ಸಾಕು, ಆದ್ರೆ ಟ್ರಿಮ್ ಮಾಡೋಕೆ ಜಾಗ ಇಲ್ದಿದ್ರೆ ತಪ್ಪು ತಿದ್ದೋಕೂ ಜಾಗ ಇರಲ್ಲ. ಟ್ರಿಮ್ ಮಾಡುವಾಗ ಸ್ಕೇಲಿನ ಓರೆ ಗೆರೆಯನ್ನ ಹೊಲಿಗೆ ಮೇಲೇ ಇಡಿ, ಬಟ್ಟೆಯ ಅಂಚಿಗಲ್ಲ.

ತ್ರಿಕೋನದ ಚೂಪು ತುದಿ ಹೊಲಿಗೆಯೊಳಗೆ ಹೋಗಿ ಮೊಂಡಾಗ್ತಿದ್ರೆ, ಹೊಲಿಯುವಾಗ ತ್ರಿಕೋನ ಇರೋ ಕಡೆ ಮೇಲಕ್ಕಿಟ್ಕೊಳ್ಳಿ. ಹಿಂಭಾಗದಲ್ಲಿ ಎರಡು ಹೊಲಿಗೆ ಅಡ್ಡ ಹಾಯ್ದು ಗುಣಾಕಾರ ಚಿಹ್ನೆ ತರ ಕಾಣತ್ತೆ, ಸೂಜಿ ಆ ಚಿಹ್ನೆಯ ನಡು ಮಧ್ಯಕ್ಕೆ, ಇಲ್ಲಾ ಒಂದೆಳೆ ಬಟ್ಟೆ ಅಂಚಿನ ಕಡೆಗೆ ಹೋಗ್ಲಿ.

7. ಬಿಚ್ಚಬೇಕಾ, ಬಿಡಬೇಕಾ

ಇದನ್ನ ಸಿಟ್ಟಲ್ಲಿದ್ದಾಗ ತೀರ್ಮಾನ ಮಾಡೋಕೆ ಆಗಲ್ಲ, ಅದಕ್ಕೆ ಮೊದಲೇ ನಿಯಮ ಮಾಡಿಟ್ಕೊಳ್ಳಿ. ನಾನು ಹೇಳೋದು ಮೂರು ಪ್ರಶ್ನೆ, ಇದೇ ಕ್ರಮದಲ್ಲಿ.

ಮೊದಲನೇದು, ಹೊಲಿಗೆ ಬಿಟ್ಟುಹೋಗತ್ತಾ? ಎಲ್ಲಾದ್ರೂ ಮಾರ್ಜಿನ್ 3 ಮಿಲಿಮೀಟರ್‌ಗಿಂತ ಕಮ್ಮಿ ಇದ್ರೆ ಒಗೆತಕ್ಕೆ ಎಳೆ ಬಿಟ್ಟು ತೂತು ಬೀಳತ್ತೆ. ಇದನ್ನ ಬಿಚ್ಚಲೇಬೇಕು, ಎಷ್ಟೇ ಚೆನ್ನಾಗಿ ಕಾಣ್ತಿದ್ರೂ.

ಎರಡನೇದು, ಈ ತಪ್ಪು ಮುಂದಿನ ಜೋಡಣೆಗೆ ದಾಟತ್ತಾ? ಬ್ಲಾಕಿನ ಹೊರ ಅಳತೆ ಕೆಟ್ಟಿದ್ರೆ ದಾಟತ್ತೆ, ಬಿಚ್ಚಿ. ಒಳಗಿನ ಒಂದು ಮೂಲೆ 1 ಮಿಲಿಮೀಟರ್ ಆಚೀಚೆ ಆಗಿ ಹೊರ ಅಳತೆ ಸರಿ ಇದ್ರೆ ದಾಟಲ್ಲ.

ಮೂರನೇದು, ಬರೀ ಕಣ್ಣಿಗೆ ಮಾತ್ರ ಕಾಣೋದಾ? ಹಾಗಿದ್ರೆ ಅಲ್ಲಿ ಒಂದು ಪಿನ್ ಚುಚ್ಚಿ, ಬಿಟ್ಟು ಮುಂದೆ ಹೋಗಿ. ಮಾರನೇ ದಿನ ಗೋಡೆಗೆ ಅಂಟಿಸಿ ಆರು ಅಡಿ ದೂರ ನಿಂತು ನೋಡಿ, ಇಲ್ಲಾ ಮೊಬೈಲಲ್ಲಿ ಫೋಟೋ ತೆಗೆದು ನೋಡಿ. ಪಿನ್ ಇಲ್ದೆ ಆ ಜಾಗ ಹುಡುಕೋಕೆ ಆಗ್ಲಿಲ್ಲ ಅಂದ್ರೆ ಪಿನ್ ತೆಗೆದುಬಿಡಿ. ನಾವು ಮೂಗಿನಿಂದ ಅರ್ಧ ಅಡಿ ದೂರದಲ್ಲಿ ನೋಡಿದ್ದನ್ನ ಹೊದ್ದುಕೊಳ್ಳೋರು ಯಾರೂ ಹಾಗೆ ನೋಡಲ್ಲ.

ಒಂದೇ ಹೊಲಿಗೆಯನ್ನ ಎರಡು ಸಲಕ್ಕಿಂತ ಜಾಸ್ತಿ ಬಿಚ್ಬೇಡಿ. ಪ್ರತಿ ಸಲ ಬಿಚ್ಚಿದಾಗ ಅಂಚಿನ ಎಳೆ ಉದುರಿ ಮಾರ್ಜಿನ್ ಸಣ್ಣದಾಗತ್ತೆ, ಸೂಜಿ ತೂತು ಉಳ್ಕೊಳ್ಳತ್ತೆ, ಕ್ರಾಸ್ ಅಂಚಾದ್ರೆ ಹಿಗ್ಗಿರತ್ತೆ. ಮೂರನೇ ಸಲ ಕೂಡೋ ಸಾಧ್ಯತೆ ಮೊದಲನೇ ಸಲಕ್ಕಿಂತ ಕಮ್ಮಿ. ಹೊಸ ತುಂಡು ಕತ್ತರಿಸಿ.

ಬಿಚ್ಚೋ ರೀತಿ: ಎರಡು ಬಟ್ಟೆ ಹಿಡಿದು ಪರ್ ಅಂತ ಎಳೆಯೋದು ಬೇಡ, ಬ್ಲೇಡೂ ಬೇಡ. ಒಂದು ಬದಿಯಲ್ಲಿ ಪ್ರತಿ ಮೂರು ನಾಲ್ಕು ಹೊಲಿಗೆಗೊಂದನ್ನ ಸೀಮ್ ರಿಪ್ಪರ್‌ನಿಂದ ಕತ್ತರಿಸ್ತಾ ಹೋಗಿ, ಕೊನೇವರೆಗೂ. ಈಗ ತಿರುಗಿಸಿ ಇನ್ನೊಂದು ಬದಿಯ ದಾರ ಹಿಡಿದು ಎಳೀರಿ, ಒಂದೇ ಉದ್ದಕ್ಕೆ ಬಂದುಬಿಡತ್ತೆ. ದಾರದ ಚೂರು ತೆಗೆದು, ಎರಡೂ ತುಂಡು ಇಸ್ತ್ರಿ ಒತ್ತಿ, ಅಳೀರಿ, ಆಮೇಲೆ ಹೊಲೀರಿ. ಅಳೆಯದೆ ಮತ್ತೆ ಹೊಲಿದ್ರೆ ಮತ್ತೆ ಅದೇ ಆಗತ್ತೆ, ತುಂಡೇ ಚಿಕ್ಕದಿದ್ರೆ ಹೊಲಿಗೆ ಏನು ಮಾಡತ್ತೆ ಪಾಪ.

ಹಳೇ ಕಾಲದೋರು ದೇವರೊಬ್ಬನೇ ಪರಿಪೂರ್ಣ ಅಂತ ಬೇಕಂತಲೇ ಒಂದು ತಪ್ಪು ಬಿಡ್ತಿದ್ರು ಅಂತ ಒಂದು ಮಾತು ಕ್ವಿಲ್ಟ್ ಮಾಡೋರ ಮಧ್ಯೆ ಓಡಾಡತ್ತೆ, ಅಮೆರಿಕದ ಆಮಿಷ್ ಅನ್ನೋ ಕ್ರೈಸ್ತ ಪಂಗಡದ ಜನರ ಹೆಸರು ಹೇಳ್ತಾರೆ. ಕ್ವಿಲ್ಟ್ ಇತಿಹಾಸ ಬಲ್ಲವರು ಇದನ್ನ ದಂತಕಥೆ ಅಂತಲೇ ಹೇಳೋದು. ನನಗನ್ಸೋದು, ನಮಗೆ ಆ ಸಮಾಧಾನ ಬೇಕಾಗೂ ಇಲ್ಲ. ಇದು ಗಟ್ಟಿ ಇದೆಯಾ, ಮುಂದಕ್ಕೆ ದಾಟಲ್ವಾ, ಅಷ್ಟಿದ್ರೆ ಬಿಡೋಕೆ ಬೇರೆ ಕಾರಣ ಯಾಕೆ ಬೇಕು.

8. ತಲೆ ಕೆಟ್ಟಾಗ

ಹಂತ ಅಂತ ಬೇರೆ ಹಾಕಿದ್ದೀನಿ, ಯಾಕಂದ್ರೆ ಬಟ್ಟೆ ಹಾಳಾಗೋದು ಹೆಚ್ಚಾಗಿ ಈ ಹೊತ್ತಲ್ಲೇ. ಲಕ್ಷಣ ಗೊತ್ತಿರಲಿ: ಪಿನ್ ಹಾಕದೆ ಹೊಲಿಯೋಕೆ ಶುರು ಮಾಡ್ತೀರಾ, "ಇದೊಂದು ಸಾಲು ಮುಗಿಸೇ ಮಲಗ್ತೀನಿ" ಅಂತೀರಾ, ಬ್ಲಾಕ್ ತಲೆಕೆಳಗಾಗಿ ಹೊಲಿದಿದ್ದು ಮೂರು ಬ್ಲಾಕ್ ಆದ ಮೇಲೆ ಗೊತ್ತಾಗತ್ತೆ, ಭುಜ ಕಿವಿ ಹತ್ರ ಬಂದಿರತ್ತೆ. ಆಗ ಮಷೀನ್ ಆಫ್ ಮಾಡಿ. ಕೆಲಸ ಬಿಡೋಕೆ ಮನಸ್ಸಿಲ್ದಿದ್ರೆ ಸೂಜಿ ಕತ್ತರಿ ಎರಡೂ ಬೇಡದ ಕೆಲಸ ಮಾಡಿ, ಬಾಬಿನ್ ಸುತ್ತಿಡಿ, ನಾಳೆಯ ತುಂಡು ಜೋಡಿಸಿಡಿ. ರಾತ್ರಿ ಟ್ಯೂಬ್‌ಲೈಟಲ್ಲಿ ಕಡು ನೀಲಿ ಕಪ್ಪು ಒಂದೇ ತರ ಕಾಣತ್ತೆ, ಬಣ್ಣ ಆರಿಸೋದನ್ನ ಹಗಲಿಗೆ ಬಿಡಿ.

ಬ್ಲಾಕ್ ತಿರುಗಾ ಮುರುಗಾ ಆಗದ ಹಾಗೆ ಒಂದು ಉಪಾಯ. ಎಲ್ಲಾ ಬ್ಲಾಕ್ ನೆಲದ ಮೇಲೆ ಹರಡಿ ಫೋಟೋ ತೆಗೀರಿ, ಪ್ರತಿ ಬ್ಲಾಕಿನ ಎಡ ಮೇಲ್ಮೂಲೆಗೆ ಮಾಸ್ಕಿಂಗ್ ಟೇಪಲ್ಲಿ ಸಾಲು ನಂಬರ್, ಬ್ಲಾಕ್ ನಂಬರ್ ಬರೆದು ಅಂಟಿಸಿ. ಟೇಪ್ ಮೇಲಿದ್ರೆ ಬ್ಲಾಕ್ ನೆಟ್ಟಗಿದೆ. ಇಸ್ತ್ರಿ ಒತ್ತೋ ಮುಂಚೆ ಮಾತ್ರ ಕಿತ್ತುಬಿಡಿ, ಬಿಸಿಗೆ ಅಂಟು ಬಟ್ಟೆಗೇ ಹತ್ಕೊಳ್ಳತ್ತೆ.

9. ಬ್ಲಾಕ್‌ಗಳು ಒಂದೊಂದು ಒಂದೊಂದು ಅಳತೆ ಬಂದಿದ್ರೆ

ಬಿಸಾಡೋದು ಬೇಡ, ಮೂರು ದಾರಿ ಇದೆ. ವ್ಯತ್ಯಾಸ 1/8 ಇಂಚಿನೊಳಗೆ ಇದ್ರೆ ಮೇಲೆ ಹೇಳಿದ ಹಾಗೆ ದೊಡ್ಡದನ್ನ ಕೆಳಗಿಟ್ಟು ಹೊಲೀರಿ. ಅದಕ್ಕಿಂತ ಜಾಸ್ತಿ ಇದ್ರೆ ಪ್ರತಿ ಬ್ಲಾಕಿನ ಸುತ್ತ ಒಂದೇ ಬಣ್ಣದ ಒಂದೂವರೆ ಇಂಚಿನ ಪಟ್ಟಿ ಹೊಲಿದು, ಆಮೇಲೆ ಎಲ್ಲವನ್ನೂ ಒಂದೇ ಅಳತೆಗೆ ಟ್ರಿಮ್ ಮಾಡಿ. ಚಿಕ್ಕ ಬ್ಲಾಕಿಗೆ ಪಟ್ಟಿ ಅಗಲ ಉಳಿಯತ್ತೆ, ದೊಡ್ಡದಕ್ಕೆ ಸಣ್ಣ ಉಳಿಯತ್ತೆ, ಸೇರಿಸಿದ ಮೇಲೆ ಯಾರಿಗೂ ಗೊತ್ತಾಗಲ್ಲ. ಎಲ್ಲವನ್ನೂ ಚಿಕ್ಕ ಬ್ಲಾಕಿನ ಅಳತೆಗೇ ಕತ್ತರಿಸಿಬಿಡ್ತೀನಿ ಅನ್ನೋದು ತ್ರಿಕೋನ ಇರೋ ಬ್ಲಾಕಿಗೆ ಮಾತ್ರ ಬೇಡ, ತುದಿಗಳೆಲ್ಲ ಹೋಗತ್ತೆ.

ಮೂರನೇ ದಾರಿ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲೇ ಇದೆ, ಕೌದಿ. ಕೌದಿ ಹೊಲಿಯೋರು ಟೇಪು ಹಿಡಿಯಲ್ಲ, ಆದ್ರೂ ಕೌದಿ ಕೆಡಲ್ಲ, ಯಾಕೆ ಅಂತ ಗಮನ ಕೊಟ್ಟು ನೋಡಿ. ಅಲ್ಲಿ ತುಂಡಿಗೆ ತುಂಡು ಅಂಚಲ್ಲಿ ಸೇರಿಸಿ ಮುಂದೆ ಹೋಗೋದಲ್ಲ, ಕೆಳಗೆ ಇಡೀ ಸೀರೆಯ ಹಾಸು ಇರತ್ತೆ, ಅದರ ಮೇಲೆ ತುಂಡಿನ ಅಂಚು ಮಡಚಿ ಒಂದರ ಮೇಲೊಂದು ಸ್ವಲ್ಪ ಹತ್ತೋ ಹಾಗಿಟ್ಟು, ಎಲ್ಲಾ ಪದರ ದಾಟೋ ಹಾಗೆ ಉದ್ದಕ್ಕೂ ಓಟದ ಹೊಲಿಗೆ (ರನ್ನಿಂಗ್ ಸ್ಟಿಚ್) ಹಾಕ್ತಾರೆ. ಒಂದು ತುಂಡು ಅರ್ಧ ಇಂಚು ಕಮ್ಮಿ ಆದ್ರೆ ಪಕ್ಕದ್ದು ಅರ್ಧ ಇಂಚು ಜಾಸ್ತಿ ಹತ್ತತ್ತೆ, ತಪ್ಪು ಅಲ್ಲೇ ಮುಗೀತು, ಮುಂದಿನ ಸಾಲಿಗೆ ಹೋಗಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿಯೂ ಹೀಗೇ, ಹೊರ ಅಂಚಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರ್ತಾರೆ, ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ತ್ರಿಕೋನ, ಅದಕ್ಕೆ ಫೂಲ ಅಂತಾರೆ, ಅದಿಲ್ದೆ ಕವಂದಿ ಪೂರ್ತಿ ಆಗಲ್ಲ. ಅಮೆರಿಕದ ಅಲಬಾಮಾದಲ್ಲಿ ಜೀಸ್ ಬೆಂಡ್ ಅನ್ನೋ ಊರಿನ ಕಪ್ಪು ಹೆಣ್ಣುಮಕ್ಕಳು ಹಳೇ ಕೆಲಸದ ಬಟ್ಟೆಗಳಿಂದ ಮಾಡಿದ ಓರೆಕೋರೆ ಕ್ವಿಲ್ಟ್‌ಗಳ ಚಿತ್ರ 2006ರಲ್ಲಿ ಅಲ್ಲಿನ ಅಂಚೆ ಚೀಟಿ ಮೇಲೇ ಬಂತು.

ಹಾಗಾಗಿ ನಿಮ್ಮ ಬ್ಲಾಕ್‌ಗಳು ಯಾವ ಲೆಕ್ಕಕ್ಕೂ ಕೂಡ್ತಿಲ್ಲ ಅಂದ್ರೆ ಒಂದು ಹಳೇ ಕಾಟನ್ ಸೀರೆ ಎರಡು ಮಡಿಕೆ ಹಾಸಿ, ಬ್ಲಾಕ್‌ಗಳ ಅಂಚು ಮಡಚಿ ಅದರ ಮೇಲೆ ಜೋಡಿಸಿ, ಸಂದಿ ಬಂದಲ್ಲಿ ಚಿಕ್ಕ ತುಂಡು ಇಟ್ಟು, ದೊಡ್ಡ ಟಾಕ ಹಾಕಿ ಹಿಡಿಸಿ, ಕೈಯಲ್ಲೇ ಓಟದ ಹೊಲಿಗೆ ಹಾಕಿ. ಸಾಲುಗಳ ಮಧ್ಯೆ ಒಂದು ಬೆರಳಿನಷ್ಟು ಅಂತರ ಸಾಕು. ಒಂದೇ ಎಚ್ಚರ, ತುಂಡಿನ ಅಂಚು ಮಡಚದೆ ಹಾಗೇ ಇಟ್ರೆ ನಾಲ್ಕು ಒಗೆತಕ್ಕೆ ಎಳೆ ಎದ್ದುಬಿಡತ್ತೆ.

10. ಸುತ್ತ ಅಂಚುಪಟ್ಟಿ ಹಾಕುವಾಗ

ಕೊನೇ ಗಳಿಗೆಯಲ್ಲಿ ಕೆಡೋದು ಇಲ್ಲಿ. ಉದ್ದದ ಪಟ್ಟಿಯನ್ನ ಅಂಚಿಗೆ ಇಟ್ಟು ಸುಮ್ನೆ ಹೊಲೀತಾ ಹೋಗಿ, ಮಿಕ್ಕಿದ್ದನ್ನ ಕತ್ತರಿಸೋದು ಸುಲಭ ಅನ್ಸತ್ತೆ, ಆದ್ರೆ ಹಾಗೆ ಮಾಡಿದ್ರೆ ಅಂಚು ಅಲೆ ಅಲೆಯಾಗಿ ನಿಲ್ಲತ್ತೆ, ಯಾಕಂದ್ರೆ ಕ್ವಿಲ್ಟಿನ ಹೊರ ಅಂಚು ಎಷ್ಟೋ ಸಲ ಕೈಯಾಡಿ ಹಿಗ್ಗಿರತ್ತೆ. ಅಳತೆನ ಅಂಚಲ್ಲಿ ತಗೋಬೇಡಿ. ಎಡಕ್ಕೆ, ನಡುವೆ, ಬಲಕ್ಕೆ ಒಳಭಾಗದಲ್ಲಿ ಮೂರು ಕಡೆ ಅಳೆದು ಸರಾಸರಿ ಮಾಡಿ, ಎದುರು ಬದುರಿನ ಎರಡೂ ಪಟ್ಟಿ ಅದೇ ಅಳತೆಗೆ ಕತ್ತರಿಸಿ, ತುದಿಗೆ ತುದಿ, ನಡುವಿಗೆ ನಡು ಪಿನ್ ಹಾಕಿ ಹೊಲೀರಿ.

ಮೇಲ್ಪದರ ಮುಗೀತು ಅಂದ ತಕ್ಷಣ ಸುತ್ತಲೂ ಅಂಚಿಂದ 3 ಮಿಲಿಮೀಟರ್ ಒಳಗೆ ಒಂದು ಉದ್ದ ಹೊಲಿಗೆ ಹಾಕಿಬಿಡಿ, ಅಲ್ಲಿನ ಹೊಲಿಗೆಗಳು ಬಿಟ್ಕೊಳ್ಳಲ್ಲ, ಅಂಚೂ ಹಿಗ್ಗಲ್ಲ. ಹಿಂಬದಿ ಬಟ್ಟೆ ಕತ್ತರಿಸುವಾಗ ನಾಲ್ಕೂ ಕಡೆ 4 ಇಂಚು ಜಾಸ್ತಿ ಬಿಡಿ, ಮಧ್ಯದ ಹತ್ತಿ ಪದರಕ್ಕೂ ಅಷ್ಟೇ.